ಡಬ್ಬಾ ಮಾಡಿದವರ ಹೆಸರೇನು?

1/6
ಪಾಂಗ್ ಯಾರು ಮಾಡಿದ್ದು ಅಂತ ಕೇಳ್ರಿ. 1972, ಅಟಾರಿ, ನೋಲನ್ ಬುಶ್ನೆಲ್, ಆಲ್ ಆಲ್ಕಾರ್ನ್ ಅಂತ ಉತ್ತರ ತಟ್ಟನೆ ಬರ್ತದ. ಆದ್ರ ಪರದೆ ಯಾವ ಎತ್ತರಕ್ಕ ಇರಬೇಕು, ನಾಣ್ಯ ಎಲ್ಲಿ ಹಾಕಬೇಕು, ಸೋತವನು ಸಿಟ್ಟಿಗೆ ಒದ್ದರೂ ಪೆಟ್ಟಿಗೆ ಹೆಂಗ ಉಳೀಬೇಕು? ಇದನ್ನ ಯೋಚಿಸೋ ಕೆಲಸಕ್ಕ ಇಂಡಸ್ಟ್ರಿಯಲ್ ಡಿಸೈನ್ ಅಂತಾರ. ಆ ಹೆಸರು ಯಾರೂ ಕೇಳಂಗಿಲ್ಲ.

2/6
ನಾನು ಒಂದು ಹೆಸರು ಹೇಳ್ತೀನಿ: ಜಾರ್ಜ್ ಫರಾಕೊ. 1973ರ ಸ್ಪೇಸ್ ರೇಸ್ ಆಟಕ್ಕ ಫೈಬರ್‌ಗ್ಲಾಸ್‌ನ ಕೋನಕೋನದ ಕ್ಯಾಬಿನೆಟ್ ಮಾಡಿದವರು. ಸುಮಾರು 50 ತಯಾರಾದ ಮೇಲೆ ಕಂಪನಿ ಅಗ್ಗದ ಸಾದಾ ಪೆಟ್ಟಿಗೆಗೆ ಹೋಯಿತು. ಕಾಸ್ಟ್ ಗೆದ್ದಿತು. ಬಿಕಾಂನವರಾದ ನಮಗ ಇದು ಅರ್ಥ ಆಗ್ತದ. ಆದ್ರ ಡಿಸೈನ್ ಅಂದ್ರ ಬರೀ ಖರ್ಚು ಅನ್ನೋದು ಅರ್ಧ ಲೆಕ್ಕ.

3/6
ಉಳಿದರ್ಧ ಪಿನ್‌ಬಾಲ್‌ನಾಗ ನೋಡ್ರಿ. ಇವತ್ತಿನ ಮಷಿನ್‌ಗಳ ಹಲಗೆ ಸುಮಾರು 6.5 ಡಿಗ್ರಿ ಇಳಿಜಾರು ಇರ್ತದ. ಇಳಿಜಾರು ಹೆಚ್ಚಾದ್ರ ಚೆಂಡು ಜೋರು, ಆಟ ಬೇಗ ಮುಗೀತದ, ಮತ್ತೊಂದು ನಾಣ್ಯ ಬೀಳ್ತದ. ಅತಿ ಮಾಡಿದ್ರ ಆಟಗಾರ ಬೈದು ಎದ್ದು ಹೋಗ್ತಾನ. ಒಂದು ಕೋನದ ಮೇಲೆ ಇಡೀ ವ್ಯಾಪಾರ ನಿಂತದ. ಇದು ಅಲಂಕಾರ ಏನು?

4/6
ಪ್ರೋಗ್ರಾಮರ್‌ಗಳಾದ್ರೂ ಜಗಳ ಮಾಡಿ ಹೆಸರು ತಗೊಂಡ್ರು. ವಾರನ್ ರಾಬಿನೆಟ್ ತನ್ನ ಅಡ್ವೆಂಚರ್ ಆಟದೊಳಗ ಗುಟ್ಟಾಗಿ ಹೆಸರು ಬಚ್ಚಿಟ್ಟ. ಅಟಾರಿ ಬಿಟ್ಟ ನಾಲ್ವರು 1979ರಲ್ಲಿ ಆಕ್ಟಿವಿಷನ್ ಕಟ್ಟಿದ್ರು, ಆಟದ ಮೇಲೆ ಮಾಡಿದವರ ಹೆಸರು ಹಾಕಿದ್ರು. ಪೆಟ್ಟಿಗೆ ಮಾಡಿದವರು ಹೊರಗೇ ಉಳಿದ್ರು.

5/6
"ಅದು ಅಮೆರಿಕಾ ಕಥಿ" ಅನ್ನಬ್ಯಾಡ್ರಿ. ನಮ್ಮ ನಾಡಿನಾಗೂ ಗೇಮ್ ಡಿಸೈನರ್ ಇದ್ದ: ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ಹೊಸ ಹೊಸ ಹಾಸಿನ ಆಟ, ಗಂಜೀಫಾ ಆಟ ರೂಪಿಸಿದ. ರಾಜ ಆಗಿದ್ದಕ್ಕ ಹೆಸರು ಉಳೀತು. ಆ ಹಾಸು, ಆ ಎಲೆಗಳ ಮೇಲೆ ಕೈಯಾಡಿಸಿದವರು ಎಷ್ಟು ಮಂದಿ ನಿಮಗ ಗೊತ್ತು? ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಸಿಕ್ಕದ, ಹಣ್ಣಿನ ಜೊತಿ ಊರಿನ ಹೆಸರೂ ಓಡಾಡ್ತದ. ಹಣ್ಣಿಗೆ ಸಿಕ್ಕ ಮರ್ಯಾದೆ ಕೈಗಳಿಗೂ ಸಿಗಬೇಕು.

6/6
ಕಲಬುರಗಿಯಲ್ಲಿ ಚಂದ ಚಿತ್ರ ತೆಗಿಯೋ, ಹಳೇ ರೇಡಿಯೋ ಬಿಚ್ಚಿ ಜೋಡಿಸೋ ಹುಡುಗ ಹುಡುಗಿಗೆ ನಾವು ಹೇಳೋದು ಒಂದೇ ಮಾತು: "ಸ್ಕೋಪ್ ಇಲ್ಲ." ವಿಚಾರಿಸದೆ ಹೇಳ್ತೀವಿ. ಬಿ.ಡಿಸೈನ್‌ನ ಯುಸೀಡ್ ಪರೀಕ್ಷೆ ಪಿಯು ಕಾಮರ್ಸ್‌ನವರೂ ಬರೀಬಹುದು. ಎಂ.ಡಿಸೈನ್‌ನ ಸೀಡ್ ಅನ್ನ ಮೂರು ವರ್ಷದ ಡಿಗ್ರಿಯ ಕೊನೇ ವರ್ಷದವರೂ ಬರೀಬಹುದು. ಸೀಟಿನ ನಿಯಮ ಒಂದೊಂದು ಸಂಸ್ಥೆಗೆ ಬೇರೆ, ಓದಿ ನೋಡ್ರಿ. ಎಲ್ಲರಿಗೂ ಸಿಗ್ತದ ಅಂತ ನಾನು ಹೇಳಂಗಿಲ್ಲ. ಬಾಗಿಲು ಇದ್ದದ್ದನ್ನ ಗೋಡೆ ಅಂತ ಮಾತ್ರ ತೋರಿಸಬ್ಯಾಡ್ರಿ.

ಮುಂದಿನ ಕಾಲೇಜ್ ಫೆಸ್ಟ್‌ನಾಗ ಸ್ಪಾನ್ಸರ್ ಹೆಸರಿನ ಕೆಳಗ ಗೇಮ್ ಸ್ಟಾಲ್ ಕಟ್ಟಿದವರ ಹೆಸರೂ ಬರೀರಿ. ಇಲ್ಲಿಂದ ಶುರು ಮಾಡೋಣ. ಅಂಥವರು ನಿಮ್ಮ ಕ್ಲಾಸಿನಾಗ ಇದ್ರ ಕೆಳಗ ಟ್ಯಾಗ್ ಮಾಡ್ರಿ.

#ಕಲಬುರಗಿ #ಕಮಲಾಪುರ #ಡಬ್ಬಾಮಾಡಿದವರು