ಇಸ್ತಿಂಜಾ ಕಲಿಸಿದೆವು, ಸಾಬೂನು ಇಡಲಿಲ್ಲ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮೂರನೇ ಕ್ಲಾಸಿನ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ನಾಲ್ಕು ಸಲ "ಉಸ್ತಾದ್, ಹೊರಗೆ ಹೋಗ್ಬೇಕು" ಎಂದ. ಪಾಠ ತಪ್ಪಿಸುವ ನಾಟಕ ಅಂತ ನಾನು ಗದರಿಸಿ ಕೂರಿಸಿದೆ. ಮರುದಿನ ಅವನು ಆಸ್ಪತ್ರೆಯಲ್ಲಿದ್ದ. ಜ್ವರ, ಹೊಟ್ಟೆ ಹಿಂಡುವ ನೋವು, ರಕ್ತ ಬೆರೆತ ಭೇದಿ. ಅದೇ ವಾರ ಅವನ ತಂಗಿಗೂ, ಪಕ್ಕದಲ್ಲಿ ಕೂರುವ ಇಬ್ಬರಿಗೂ ಬಂತು. ಮಲ ಪರೀಕ್ಷೆ ಮಾಡಿಸಿದ ಡಾಕ್ಟರ್ 'ಶಿಗೆಲ್ಲಾ' ಅಂದರು.

ಈ ಹೆಸರು ನಮಗೆ ಹೊಸತಲ್ಲ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅಂದು ಅಸ್ವಸ್ಥರಾದವರ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ಬ್ಯಾಕ್ಟೀರಿಯಾ. ನಾವೆಲ್ಲ ಶವರ್ಮಾಕ್ಕೆ ಬೈದು ಸುಮ್ಮನಾದೆವು. ಆದರೆ ಶಿಗೆಲ್ಲಾದ ಮನೆ ಕೋಳಿಮಾಂಸವಲ್ಲ, ಮನುಷ್ಯನ ಕರುಳು. ರೋಗಿಯ ಮಲದಿಂದ ಹೊರಬಂದು ತೊಳೆಯದ ಕೈ, ನೊಣ, ಕೆಟ್ಟ ನೀರಿನ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ. ಕಾಲರಾ ಹತ್ತಲು ಸಾಮಾನ್ಯವಾಗಿ ಲಕ್ಷಗಟ್ಟಲೆ ರೋಗಾಣು ಬೇಕು, ಇದಕ್ಕೆ 10ರಿಂದ 100 ಸಾಕು. ಶೌಚಾಲಯದ ಮಗ್ಗಿನ ಹಿಡಿ, ನಲ್ಲಿಯ ತಲೆ, ಹಂಚಿ ತಿನ್ನುವ ಮಿಠಾಯಿ, ಅಷ್ಟರಲ್ಲೇ ದಾಟಿಬಿಡುತ್ತದೆ. ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ಹೋಗುತ್ತಿರುತ್ತದೆ.

"ಹೌಝ್‌ನಲ್ಲಿ ಎರಡು ಕುಲ್ಲತ್‌ಗಿಂತ ಹೆಚ್ಚು ನೀರಿದೆ, ಬಣ್ಣ ರುಚಿ ವಾಸನೆ ಬದಲಾಗಿಲ್ಲ, ಮತ್ತೇನು?" ಎಂದು ಹಿರಿಯರೊಬ್ಬರು ನನ್ನಲ್ಲಿ ಕೇಳಿದರು. ಶಾಫಿಈ ಫಿಕ್‌ಹ್ ಪ್ರಕಾರ ವುಝೂಗೆ ಆ ನೀರು ಸರಿ. ನಾನೇ ಕಲಿಸುವ ಪಾಠವದು. ಆದರೆ ಅದು ರೋಗಾಣು ಇಲ್ಲ ಎಂಬ ಸರ್ಟಿಫಿಕೇಟ್ ಅಲ್ಲವಲ್ಲ. ಬಾಯಿ ಮುಕ್ಕಳಿಸುವ ಮಕ್ಕಳಿಗೆ ಹರಿಯುವ ನಲ್ಲಿ ನೀರೇ ಲೇಸು.

ಎಡಗೈಯಲ್ಲಿ ಇಸ್ತಿಂಜಾ ಮಾಡುವುದು ಹೇಗೆಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆಮೇಲೆ ಆ ಕೈಗೆ ಏನು? ಬರೀ ನೀರು. ಮೀಲಾದ್‌ಗೆ ಇಡೀ ರಸ್ತೆಗೆ ಲೈಟ್ ಹಾಕಿಸುವ ಕಮಿಟಿಯ ಸದಸ್ಯರೊಬ್ಬರು, "ಮಕ್ಕಳು ಸಾಬೂನು ಪೋಲು ಮಾಡ್ತಾರೆ ಉಸ್ತಾದ್" ಅಂದರು. ಮಾಡಲಿ. ಬಲೆಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದರೆ ಅದೂ ಆಗುವುದಿಲ್ಲ.

ತಂದೆ ತಾಯಂದಿರಲ್ಲೂ ಒಂದು ಮಾತು. ಭೇದಿಯಾಗುವ ಮಗುವನ್ನು "ಪಾಠ ಹೋಗ್ತದೆ" ಅಂತ ಕಳಿಸಬೇಡಿ, ನಮ್ಮ ಹಾಜರಿ ಪುಸ್ತಕ ಓಡಿ ಹೋಗುವುದಿಲ್ಲ. ಒಆರ್‌ಎಸ್ ಕುಡಿಸುತ್ತಾ ಇರಿ. ಭೇದಿ ನಿಲ್ಲಿಸುವ ಮಾತ್ರೆ ಮೆಡಿಕಲ್‌ನಿಂದ ತಂದು ಕೊಡಬೇಡಿ, ಈ ರೋಗದಲ್ಲಿ ಅದು ಅಪಾಯ. ಹಳೆಯ ಆ್ಯಂಟಿಬಯೋಟಿಕ್ ಕೂಡ ಬೇಡ, ಹಲವು ಔಷಧಿಗಳಿಗೆ ಶಿಗೆಲ್ಲಾ ಈಗ ಬಗ್ಗುತ್ತಿಲ್ಲ. ರಕ್ತ ಕಂಡರೆ ಅದೇ ದಿನ ಡಾಕ್ಟರ ಬಳಿ ಹೋಗಿ.

ಹುಡುಗ ಗುಣವಾಗಿ ಬಂದಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಹೊರಗೆ ಹೋಗಲು ಕೇಳುವ ಮೊದಲು ಈಗಲೂ ನನ್ನ ಮುಖ ನೋಡುತ್ತಾನೆ. ಕೇಳುವುದೇ ಬೇಡ, ಎದ್ದು ಹೋಗು ಅಂದಿದ್ದೇನೆ. ಸಾಬೂನು ಸದ್ಯ ನನ್ನ ಕಿಸೆಯಿಂದ. ಬರುವ ಜುಮಾ ಬಳಿಕ ಕಮಿಟಿ ಸಭೆಯಿದೆ, ವಿಷಯ ಬರೆದು ಕೊಟ್ಟಿದ್ದೇನೆ.