ನಿಲ್ಲುವಾಗ ನಡುಗುವ ಕಾರು

ಕುದುರೆ ಕೊಳ್ಳುವವನು ಹಲ್ಲು ನೋಡುತ್ತಿದ್ದ. ಎತ್ತು ಕೊಳ್ಳುವವನು ಸುಳಿ ನೋಡುತ್ತಿದ್ದ. ಹಳೆಯ ಕಾರು ಕೊಳ್ಳುವವನಾದರೋ ಬಣ್ಣಕ್ಕೂ ಮೆತ್ತೆಗೂ ಮರುಳಾಗುತ್ತಾನೆ. ಅದು ಓಡುವ ಬಗೆಯನ್ನು ನೋಡುವವರುಂಟು. ನಿಲ್ಲುವ ಬಗೆಯನ್ನು ನೋಡುವವರು ವಿರಳ.

ಮೈಸೂರಿನ ಹಿನಕಲ್ಲಿನಲ್ಲಿ ಇಂಥದೊಂದು ವ್ಯಾಪಾರ ನಡೆಯಿತೆಂದು ಭಾವಿಸೋಣ. ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಆ ಎಡೆಯಲ್ಲಿ ವಾಹನಗಳ ಸಂದಣಿ ಹೆಚ್ಚು. ಕೊಳ್ಳುವ ಗೃಹಸ್ಥರು ಒಳಬೀದಿಗಳಲ್ಲಿ ಎರಡು ಸುತ್ತು ಬರುತ್ತಾರೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕು ನಯವಾಗಿ ಹಿಡಿಯುತ್ತದೆ. ಹಣ ಕೈ ಬದಲಾಯಿಸುತ್ತದೆ. ಮುಂದಿನ ಭಾನುವಾರ ಸಂಸಾರಸಮೇತರಾಗಿ, 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು ಹೆದ್ದಾರಿಯಲ್ಲಿ ಹೋಗುವಾಗ ವೇಗ 100ನ್ನು ಮುಟ್ಟುತ್ತದೆ. ಬ್ರೇಕು ತುಳಿದೊಡನೆ ಸ್ಟಿಯರಿಂಗು ಕೈಯಲ್ಲಿ ಥರಥರನೆ ನಡುಗುತ್ತದೆ. ಮಾರಿದವನನ್ನು ಕೇಳಿದರೆ, "ಏನೂ ಇಲ್ಲ ಸ್ವಾಮಿ, ಈಗಿನ ಕಾರುಗಳ ಎ.ಬಿ.ಎಸ್. ಗುಣವೇ ಹಾಗೆ" ಎಂಬ ಸಮಾಧಾನ.

ಈ ಸಮಾಧಾನ ಸಲ್ಲದು. ಎ.ಬಿ.ಎಸ್. ಕೆಲಸಮಾಡುವುದು ಚಕ್ರ ಸ್ತಬ್ಧಗೊಂಡು ಜಾರುವ ಸಂದರ್ಭದಲ್ಲಿ. ಆಗ ಕಾಲಡಿಯ ಪೆಡಲು ಮಿಡಿಯುತ್ತದೆ. ಮೆಲ್ಲಗೆ ತುಳಿದಾಗಲೂ ನಡುಕ ಕಂಡರೆ ಸಾಮಾನ್ಯವಾಗಿ ದೋಷವಿರುವುದು ಬ್ರೇಕಿನ ಡಿಸ್ಕಿನಲ್ಲಿ. ಈ ಲೋಹದ ತಟ್ಟೆಯನ್ನು ಎರಡು ಪಕ್ಕಗಳಿಂದಲೂ ಪ್ಯಾಡುಗಳು ಅಮುಕಿ ಹಿಡಿಯುತ್ತವೆ. ತಟ್ಟೆಯ ದಪ್ಪದಲ್ಲಿ ಕೂದಲೆಳೆಗಿಂತಲೂ ಕಡಮೆ ವ್ಯತ್ಯಾಸವಾದರೂ ಹಿಡಿತ ಏರಿಳಿಯುತ್ತದೆ. 100ರ ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು 15 ಸಲ ಸುತ್ತುವುದರಿಂದ ಆ ಏರಿಳಿತವೇ ನಡುಕವಾಗಿ ಪರಿಣಮಿಸುತ್ತದೆ.

ಊಟಿಯ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಡಿಸ್ಕು ಮಿತಿಮೀರಿ ಕಾಯುತ್ತದೆ. ಪ್ಯಾಡಿನ ಪದಾರ್ಥ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಚಕ್ರದ ನಟ್ಟುಗಳನ್ನು ಸಮನಾಗಿ ಬಿಗಿಯದಿರುವುದೂ, ಡಿಸ್ಕಿನ ಹಿಂದೆ ತುಕ್ಕು ಸೇರುವುದೂ ಕಾರಣಗಳೇ. ನಡುಕವು ಸ್ಟಿಯರಿಂಗಿನಲ್ಲಿ ಕಂಡರೆ ಮುಂದಿನ ಚಕ್ರಗಳನ್ನೂ, ಆಸನದಲ್ಲಿ ಕಂಡರೆ ಹಿಂದಿನವನ್ನೂ ಶಂಕಿಸಬೇಕು. ಬ್ರೇಕು ಮುಟ್ಟದಿದ್ದಾಗಲೂ ನಡುಗಿದರೆ ಚಕ್ರಗಳ ಸಮತೋಲವನ್ನೂ ಟಯರುಗಳನ್ನೂ ಪರೀಕ್ಷಿಸತಕ್ಕದ್ದು.

ಇದನ್ನು ಅಲಕ್ಷಿಸಲಾಗದು. ವೇಗ 50ರಿಂದ 100ಕ್ಕೇರಿದರೆ ಬ್ರೇಕು ಅಡಗಿಸಬೇಕಾದ ಶಕ್ತಿ ಇಮ್ಮಡಿಯಲ್ಲ, ನಾಲ್ವಡಿಯಾಗುತ್ತದೆ. ಸವೆದ ಬುಷ್ಷು, ಸಡಿಲಗೊಂಡ ಬೇರಿಂಗುಗಳೂ ಇದೇ ನಡುಕದ ಮರೆಯಲ್ಲಿ ಅಡಗಿರಬಹುದು. ಪ್ಯಾಡು ಮಾತ್ರ ಬದಲಿಸಿದರೆ ಸಾಲದು. ಡಿಸ್ಕಿನ ಮೇಲೆ ನಮೂದಿಸಿದ ಕನಿಷ್ಠ ದಪ್ಪಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಅದನ್ನು ಹೆರೆಸಬಹುದು. ಇಲ್ಲವಾದರೆ ಎರಡು ಪಕ್ಕದವನ್ನೂ ಜೊತೆಯಾಗಿ ಬದಲಿಸತಕ್ಕದ್ದು.

ಆದುದರಿಂದ ಮುಂಗಡ ಕೊಡುವುದಕ್ಕೆ ಮೊದಲೇ, ಬೆಳಗಿನ ಜಾವದಲ್ಲಿ, ತೆರಪಾದ ರಸ್ತೆಯಲ್ಲಿ, ಹಿಂದೆ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು, ವೇಗಮಿತಿಯನ್ನು ಮೀರದೆ, 80ರಿಂದ 30ಕ್ಕೆ ಮೆಲ್ಲಗೆ ಬ್ರೇಕು ಹಿಡಿದು ನೋಡಬೇಕು. ನಡುಕ ಕಂಡರೆ ತಮಗೆ ನಂಬಿಕೆಯುಳ್ಳ ಮೆಕ್ಯಾನಿಕನಿಂದ ಡಿಸ್ಕನ್ನು ಅಳೆಯಿಸಿ, ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಇಳಿಸಿಕೊಳ್ಳಬೇಕು. ಮಾರುವವನು ಈ ಪರೀಕ್ಷೆಗೆ ಒಪ್ಪದಿದ್ದರೆ, ನಮಸ್ಕಾರ ಹೇಳಿ ಹಿಂದಿರುಗುವುದೇ ಲೇಸು.