ಎತ್ತಿ ತಳ್ಳುವ ಗೇಟು

ಮೈಸೂರಿನ ಸರಸ್ವತಿಪುರಂನಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆಯ ಗೇಟು ಸುಮ್ಮನೆ ತಳ್ಳಿದರೆ ತೆರೆಯುವುದಿಲ್ಲ. ಕೊಂಚ ಮೇಲೆತ್ತಿ, ಎಡಕ್ಕೆ ಒತ್ತಿ, ಆಮೇಲೆ ತಳ್ಳಬೇಕು. ಅಪ್ಪ ಹೋದ ಮೇಲೆ ಅಮ್ಮ ಬೆಂಗಳೂರಿಗೆ ಬಂದಳು. ಮನೆಗೆ ಬೀಗ ಬಿದ್ದು ವರ್ಷವಾಯಿತು. ಮಾರೋಣ ಅನ್ನುತ್ತಾನೆ ಅಣ್ಣ. ಬಾಡಿಗೆಗೆ ಕೊಡೋಣ ಅನ್ನುತ್ತೇನೆ ನಾನು. ಬೀಗ ಹಾಕಿಯೇ ಇಟ್ಟರೆ ಗೆದ್ದಲಿನ ಪಾಲು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಲೆಕ್ಕಕ್ಕೆ ಕೂತರೆ ಅಣ್ಣನದೇ ಮೇಲುಗೈ. ಬ್ರೋಕರ್ ಹೇಳಿದ ಬೆಲೆ ಒಂದೂವರೆ ಕೋಟಿ, ಬಾಡಿಗೆ 25,000. ವರ್ಷಕ್ಕೆ 3 ಲಕ್ಷ, ಅಂದರೆ ಬೆಲೆಯ ಶೇ 2. ಕಂದಾಯ, ಸುಣ್ಣಬಣ್ಣ, ಮೋಟರ್ ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಅಷ್ಟೇ ಹಣವನ್ನು ಠೇವಣಿ ಇಟ್ಟರೆ ಶೇ 6ರಂತೆ ಹಿಡಿದರೂ 9 ಲಕ್ಷ. ಆದರೆ ಬಡ್ಡಿ ತಿಂದುಕೊಂಡು ಕೂತರೆ ಅಸಲು ಇದ್ದಲ್ಲೇ ಇರುತ್ತದೆ, ಸೈಟಿನ ಬೆಲೆ ಹಾಗಲ್ಲ. ಮಾರಿದ ಹಣವೂ ಪೂರ್ತಿ ಕೈಗೆ ಹತ್ತುವುದಿಲ್ಲ. 2024ರ ಜುಲೈ 23ಕ್ಕೆ ಮೊದಲೇ ಕೈಯಲ್ಲಿದ್ದ ಮನೆಯ ಲಾಭಕ್ಕೆ ಶೇ 12.5 ತೆರಿಗೆ, ಇಲ್ಲವೇ ಹಣದುಬ್ಬರದ ಸೂಚ್ಯಂಕ ಹಾಕಿ ಶೇ 20. ಯಾವುದು ಕಡಿಮೆಯೋ ಅದು. ಪುಣ್ಯಕ್ಕೆ ಅಪ್ಪನ ಸಿಮೆಂಟಿನ ರಸೀದಿ ಹುಡುಕಬೇಕಿಲ್ಲ, 2001ರ ಏಪ್ರಿಲ್ 1ರ ಬೆಲೆಯನ್ನೇ ಮೂಲ ಬೆಲೆ ಎಂದು ಹಿಡಿಯಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಆ ತೆರಿಗೆಯೂ ಉಳಿಯುತ್ತದೆ ಎಂದ ಅಣ್ಣ. "ಮನೆ ಮಾರಿ ಮನೆ ಕೊಳ್ಳೋದಾ?" ಎಂದಳು ಅಮ್ಮ.

ಬಾಡಿಗೆಗೆ ಕೊಟ್ಟರೆ ಮನೆ ನಮ್ಮದಾಗಿ ಉಳಿಯುತ್ತದೆ ಎನ್ನುವುದು ನನ್ನ ವಾದ. ಅದರ ಹುರುಳು ಹೋದ ತಿಂಗಳು ಗೊತ್ತಾಯಿತು. ಮನೆ ನೋಡಲು ಬಂದ ದಂಪತಿ ನಡುಮನೆಯಲ್ಲಿ ನಿಂತು, "ಟೈಲ್ಸ್ ಹಾಕಿಸಿಕೊಡ್ತೀರಾ?" ಎಂದರು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಕಾಣುವಂತೆ ಉಜ್ಜುತ್ತಿದ್ದ ರೆಡ್ ಆಕ್ಸೈಡ್ ನೆಲ ಅದು. ನನಗೆ ಸಿಟ್ಟು ಬಂತು. ಬರಬಾರದಿತ್ತು, ಇರುವವರು ಅವರು, ಒರೆಸುವವರೂ ಅವರೇ. ಹನ್ನೊಂದು ತಿಂಗಳ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಬರೆಸಬಹುದು. ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಬರೆಸಲಾಗುತ್ತದೆಯೇ? ಮಾರಿದರೆ ಇಂಥ ಸಂಕಟ ಒಂದೇ ಸಲಕ್ಕೆ ಮುಗಿಯುತ್ತದೆ. ಆ ಬಡಾವಣೆಯಲ್ಲಿ ಕೊಳ್ಳುವವರು ಸೈಟಿಗೆ ದುಡ್ಡು ಕೊಡುತ್ತಾರೆ, ಮನೆಗೆ ಜೆಸಿಬಿ ತರಿಸುತ್ತಾರೆ.

ಅಣ್ಣನ ಇನ್ನೊಂದು ಮಾತು ಶೇಕಡಾ ಲೆಕ್ಕಕ್ಕಿಂತ ತೂಕದ್ದು. ಈಗ ಮೂರು ಸಹಿ ಸಾಕು. ನಾಳೆ ಮಕ್ಕಳು ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದರೆ ಪವರ್ ಆಫ್ ಅಟಾರ್ನಿಗೆ ಅಲೆಯುವವರು ಯಾರು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನ ಕಡೆಗಿರುವುದು ಒಂದೇ: ಹೊಸ ಹೆದ್ದಾರಿಯಲ್ಲಿ ಬೆಳಿಗ್ಗೆ ಹೊರಟು, ಟ್ಯಾಂಕ್ ರಿಪೇರಿ ಮಾಡಿಸಿ, ಸಂಜೆಗೆ ವಾಪಸಾಗುವಷ್ಟು ಹತ್ತಿರ ಇದ್ದೇವೆ. ದೂರದಲ್ಲಿದ್ದಿದ್ದರೆ ನಾನೂ ಮಾರೋಣ ಅನ್ನುತ್ತಿದ್ದೆ. ಅಮ್ಮ ಇರುವವರೆಗೆ ಬಾಡಿಗೆ, ಅದನ್ನು ಗಳಿಕೆ ಅಂತ ಲೆಕ್ಕ ಹಿಡಿಯುವುದು ಬೇಡ ಎಂದೆ. ಅಣ್ಣ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಆ ದಂಪತಿ ಮೊನ್ನೆ ಮತ್ತೆ ಬಂದಿದ್ದರು, ಟೈಲ್ಸ್ ಬೇಡ ಎಂದರು. ಹೊರಡುವಾಗ ನಾನು ಬಾಯಿ ಬಿಡುವ ಮೊದಲೇ ಅವರ ಹುಡುಗ ಗೇಟನ್ನು ಕೊಂಚ ಎತ್ತಿ, ಎಡಕ್ಕೆ ಒತ್ತಿ, ತಳ್ಳಿದ.